ಕ್ವಾರ್ಟರ್ಸ್ ಡೇರೆ

ನನಗೆ ಕೋಪ ಬೇಗ ಬರುತ್ತದೆ ಎಂದು ಊರಲ್ಲಿ ಹೇಳುತ್ತಾರೆ. ಬರುತ್ತದೆ, ಸುಳ್ಳೇನಲ್ಲ. ಬೀರೂರಿನಿಂದ ಅಜ್ಜಂಪುರದ ಕಡೆಗೆ ಹೋಗುವ ರೈಲುದಾರಿಯ ಒಂದು ಗೇಟಿನಲ್ಲಿ ಮೂವತ್ತನಾಲ್ಕು ವರ್ಷ ಗೇಟ್‌ಕೀಪರ್ ಆಗಿದ್ದವನು ನಾನು. ಮುಚ್ಚಿದ ಗೇಟಿನ ಕೆಳಗೆ ಬೈಕು ವಾಲಿಸಿಕೊಂಡು ನುಸುಳುವವರನ್ನು ಅಷ್ಟು ವರ್ಷ ನೋಡಿದ ಮೇಲೆ ಯಾರಿಗಾದರೂ ಕೋಪ ಮೂಗಿನ ತುದಿಗೆ ಬಂದು ಕೂರುತ್ತದೆ. ನಿವೃತ್ತನಾಗಿ ಎರಡು ವರ್ಷವಾಯಿತು. ಈಗ ನುಸುಳುವವರು ಸಿಗುವುದಿಲ್ಲವಾದ್ದರಿಂದ ಕಳೆದ ಸಂಕ್ರಾಂತಿಯ ಮಾರನೆಯ ದಿನ ಬೀರೂರು ಸಂತೆಬೀದಿಯಲ್ಲಿ ಗೆಣಸು ಮಾರುವವಳ ಮೇಲೆ ಜಗಳಕ್ಕೆ ಹೋದೆ. ಆ ಜಗಳದಿಂದ ನನ್ನ ಏಳು ತಿಂಗಳ ನಿದ್ದೆ ಹಾಳಾಯಿತು. ಆದರೆ ಅದಕ್ಕೆ ಮೊದಲು ನನ್ನ ಹೆಂಡತಿಯ ಹೂವಿನ ವಿಷಯ ಹೇಳದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ನನ್ನ ಹೆಂಡತಿ ಸುಲೋಚನಮ್ಮನಿಗೆ ಡೇರೆ ಹೂವಿನ ಹುಚ್ಚು. ಮನೆಯ ಹಿಂದೆ ತೆಂಗಿನ ಸಾಲಿಗೂ ಬಚ್ಚಲ ಗೋಡೆಗೂ ನಡುವೆ ನಾಲ್ಕು ಗುಂಟೆ ಹಿತ್ತಿಲಿದೆ. ಅಷ್ಟೂ ಡೇರೆಯೇ. ಕೆಂಪು, ನೇರಳೆ, ಕಿತ್ತಳೆ, ಬಿಳಿ, ಊಟದ ತಟ್ಟೆಯಷ್ಟು ಅಗಲದ್ದು, ನಿಂಬೆಹಣ್ಣಿನಷ್ಟು ಗುಂಡಗಿನದು, ಎಲ್ಲವೂ ಇವೆ. ಹತ್ತು ವರ್ಷದಿಂದ ಅವನ್ನು ಉದ್ದ ಕಾಂಡ ಬಿಟ್ಟು ಕೊಯ್ದು ಕಡೂರಿನ ತೀರ್ಥೇಶನಿಗೆ ಕೊಡುತ್ತಾಳೆ. ಅವನು ಮದುವೆ ಮಂಟಪಗಳಲ್ಲಿ ಸ್ಟೇಜ್ ಅಲಂಕಾರ ಮಾಡುವವನು. ಶ್ರಾವಣದಿಂದ ಕಾರ್ತಿಕದವರೆಗೆ ಬೆಳಗಿನ ಆರು ಗಂಟೆಗೆ ಅವನ ಆಟೋ ನಮ್ಮ ಬಾಗಿಲಲ್ಲಿರುತ್ತದೆ.

ನನಗೆ ಆ ಹೂವಿನ ಮೇಲೆ ಮಮತೆ ಇರಲಿಲ್ಲ. ವಾಸನೆ ಇಲ್ಲ, ಮಾಲೆ ಕಟ್ಟಲು ಬರುವುದಿಲ್ಲ, ಒಂದು ಗಾಳಿ ಬೀಸಿದರೆ ಮುರಿದು ಬೀಳುತ್ತದೆ. ಇಂಥದ್ದಕ್ಕೆ ಯಾಕೆ ಇಷ್ಟು ಒದ್ದಾಟ ಎಂದು ಅವಳಿಗೆ ನೂರು ಸಲ ಹೇಳಿದ್ದೇನೆ. ಅವಳು ಹಿತ್ತಿಲಿಗೆ ಹೋದರೆ ನಾನು ಜಗುಲಿಯಲ್ಲಿ ಪೇಪರು ಹಿಡಿದು ಕೂರುತ್ತಿದ್ದೆ. ಮದುವೆಯಾಗಿ ಮೂವತ್ತೊಂದು ವರ್ಷ ನಮ್ಮ ಸಂಸಾರ ಹೀಗೆ ಮನೆಯ ಮುಂದೊಬ್ಬರು ಹಿಂದೊಬ್ಬರು ಎನ್ನುವಂತೆ ಚೆನ್ನಾಗಿಯೇ ನಡೆದಿತ್ತು.

ಆ ಎಲ್ಲ ಡೇರೆಗಳಲ್ಲಿ ಒಂದು ಬಣ್ಣ ಮಾತ್ರ ಬೇರೆ. ಕೆನೆ ಬಣ್ಣದ ಎಸಳು, ಅಂಚಿಗೆ ಬೆರಳಿನಿಂದ ಕುಂಕುಮ ಸವರಿದಂಥ ಗೆರೆ. ಅದರ ಹೆಸರು ಕ್ವಾರ್ಟರ್ಸ್ ಡೇರೆ. ಸುಲೋಚನಮ್ಮನ ತಂದೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯ ನೌಕರರು, ಗೇಟು ಎತ್ತಿ ಇಳಿಸುವ ಕೆಲಸ. ಒಂದು ಗೇಟಿನವರ ಮನೆಯಿಂದ ಇನ್ನೊಂದು ಗೇಟಿನವನ ಮನೆಗೆ ಬಂದೆ ಎಂದು ಅವಳು ತಮಾಷೆ ಮಾಡುವುದುಂಟು. ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದ ಯಾರೋ ಇಂಜಿನಿಯರ್ ಹೆಂಡತಿ ವರ್ಗವಾಗಿ ಹೋಗುವಾಗ ಈ ಗಡ್ಡೆಯನ್ನು ನಮ್ಮತ್ತೆಗೆ ಕೊಟ್ಟಿದ್ದರಂತೆ. ನಮ್ಮತ್ತೆ ಅದನ್ನು ಮಗಳ ಮಡಿಲಕ್ಕಿಯಲ್ಲಿ ತೆಂಗಿನಕಾಯಿ, ಬೆಲ್ಲದಚ್ಚಿನ ಜೊತೆಗೆ ಹಾಕಿ ಕಳಿಸಿದರು. ಮದುವೆಯಾದ ಮೂರನೇ ವರ್ಷಕ್ಕೆ ಅವರು ತೀರಿಕೊಂಡರು. ಅಲ್ಲಿಂದಾಚೆ ಆ ಹೂ ನನ್ನ ಹೆಂಡತಿಗೆ ಬರೀ ಹೂವಾಗಿ ಉಳಿಯಲಿಲ್ಲ. ಬೇರೆ ಬಣ್ಣದ ಗಡ್ಡೆ ಯಾರು ಕೇಳಿದರೂ ಸೆರಗಿಗೆ ಸುರಿದು ಕಳಿಸುತ್ತಾಳೆ. ಕ್ವಾರ್ಟರ್ಸ್ ಡೇರೆಯ ಗಡ್ಡೆಯನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಪಕ್ಕದ ಮನೆಯ ಕೆಂಚಮ್ಮ ಇಪ್ಪತ್ತು ವರ್ಷದಿಂದ ಕೇಳಿ ಕೇಳಿ ಸೋತಿದ್ದಳು.

ಜನವರಿಯ ಮೊದಲ ವಾರ ಡೇರೆ ಗಿಡಗಳು ಒಣಗಿ ನಿಂತಿದ್ದವು. ಸುಲೋಚನಮ್ಮ ಗಡ್ಡೆಗಳನ್ನೆಲ್ಲ ಅಗೆದು, ಬಿಡಿಸಿ, ಬೂದಿ ಸವರಿ, ತೆಂಗಿನ ಗರಿಯ ಕೊಟ್ಟಿಗೆಯಲ್ಲಿ ಮರಳಿನ ಗುಂಡಿಗೆ ಹಾಕಿದಳು. ಕ್ವಾರ್ಟರ್ಸ್ ಡೇರೆಯ ಒಂಬತ್ತು ಗಡ್ಡೆಗಳನ್ನು ಮಾತ್ರ ಹೆಗ್ಗಣದ ಭಯಕ್ಕೆ ಬಿದಿರು ಬುಟ್ಟಿಯಲ್ಲಿಟ್ಟು ಅಡುಗೆಮನೆಯ ಮೂಲೆಗೆ ತಂದಿಟ್ಟಳು. ಅಷ್ಟರಲ್ಲಿ ತರೀಕೆರೆಯಿಂದ ಅಳಿಯ ರವಿಕುಮಾರನ ಫೋನು ಬಂತು. ನಮ್ಮ ಮಗಳು ಪ್ರತಿಮಾಳಿಗೆ ನೋವು ಶುರುವಾಗಿತ್ತು. ಎರಡನೇ ಹೆರಿಗೆಯಾದ್ದರಿಂದ ತಾಯಿಯೇ ಮಗಳ ಮನೆಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಸುಲೋಚನಮ್ಮ ಅರ್ಧ ಗಂಟೆಯಲ್ಲಿ ಬ್ಯಾಗು ತುಂಬಿಕೊಂಡು ಹೊರಟಳು.

"ಹಬ್ಬಕ್ಕೆ ಗೆಣಸು, ಅವರೆಕಾಯಿ, ಕಡ್ಲೆಕಾಯಿ ಎಲ್ಲಾ ತಂದಿಟ್ಟಿವ್ನಿ. ಅಡುಗೆಮನೇಲಿ ಬುಟ್ಟೀಲೈತೆ. ಬೇಯ್ಸಿ ದೇವ್ರಿಗೆ ಇಟ್ಟು, ಕೆಂಚಿ ಮನೆಗೂ ಕೊಟ್ಬಿಡಿ" ಎಂದಳು.

"ನಂಗೇನ್ ಗೊತ್ತಿಲ್ವಾ? ಹೋಗು ನೀನು" ಎಂದೆ.

ಹೆಣ್ಣು ಮಗು ಹುಟ್ಟಿತು. ನಾನೂ ಹೋಗಿ ನೋಡಿಬಂದೆ. ಸಂಕ್ರಾಂತಿಯ ದಿನ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಯಾರ ಹಂಗೂ ಇಲ್ಲದೆ ಹಬ್ಬ ಮಾಡುತ್ತೇನೆಂಬ ಹುರುಪಿನಲ್ಲಿ ಅಡುಗೆಮನೆಗೆ ನುಗ್ಗಿದೆ. ಮೂಲೆಯಲ್ಲಿ ಬಿದಿರು ಬುಟ್ಟಿ ಇತ್ತು. ಅದರಲ್ಲಿ ಬೂದಿ ಮೆತ್ತಿದ ಗಡ್ಡೆಗಳಿದ್ದವು. ಗೆಣಸಿಗೆ ಯಾಕೆ ಬೂದಿ ಮೆತ್ತಿದ್ದಾಳೆ ಎಂದು ಒಂದು ಗಳಿಗೆ ಅನ್ನಿಸಿತು, ಆದರೆ ಹೆಂಗಸರು ಅಡುಗೆಮನೆಯಲ್ಲಿ ಏನೇನೋ ಮಾಡುತ್ತಾರೆ. ತೊಳೆದೆ. ಕತ್ತಿನ ಹತ್ತಿರ ಒಣಕಲು ತುಂಡುಗಳು ಅಂಟಿಕೊಂಡಿದ್ದವು, ಈಳಿಗೆಮಣೆಗೆ ಕೊಟ್ಟು ಕತ್ತರಿಸಿ ಒಲೆಗೆ ಹಾಕಿದೆ. ಉಪ್ಪು, ಬೆಲ್ಲ ಹಾಕಿ ಬೇಯಿಸಿ ದೇವರ ಮುಂದಿಟ್ಟು, ಕೆಂಚಮ್ಮನ ಮನೆಗೂ ಒಂದು ತಟ್ಟೆ ಕೊಟ್ಟು ಬಂದೆ. ತಿನ್ನಲು ಕೂತಾಗ ಮುಖ ಹುಳ್ಳಗಾಯಿತು. ಬೆಲ್ಲ ಹಾಕಿದ್ದರೂ ಒಳಗೆ ಸಿಹಿಯೇ ಇಲ್ಲ. ನೀರು ನೀರು, ನಾರು ನಾರು, ನಡುವೆ ಮೂಲಂಗಿಯ ಹಾಗೆ ಒಂದು ಘಾಟು.

ಸಂಜೆ ಸುಲೋಚನಮ್ಮ ಫೋನ್ ಮಾಡಿದಾಗ ಅದನ್ನೇ ಹೇಳಿದೆ. "ಎಂಥಾ ಗೆಣ್ಸು ತಂದಿದ್ಯೇ? ಸಪ್ಪೆ. ಆ ಸಂತೆಬೀದಿ ಹಾಲಮ್ಮ ನಿಂಗೆ ಮೋಸ ಮಾಡವ್ಳೆ. ನಾಳೆ ಹೋಗಿ ವಿಚಾರಿಸ್ಕೋತೀನಿ." ಅವಳು ಮಗು ಅಳುತ್ತಿದೆ ಎಂದು ಫೋನ್ ಇಟ್ಟಳು.

ಮಾರನೆಯ ದಿನ ಉಳಿದಿದ್ದ ಒಂದು ಬೆಂದ ಗಡ್ಡೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸಾಕ್ಷಿಗೆಂದು ಕಟ್ಟಿಕೊಂಡು ಬಸ್ಸು ಹತ್ತಿದೆ. ಸಂತೆಬೀದಿಯ ತಿರುವಿನಲ್ಲಿ ಹಾಲಮ್ಮ ಗೆಣಸಿನ ರಾಶಿ ಹಾಕಿಕೊಂಡು ಕೂತಿದ್ದಳು. ನಾನು ಕವರು ಬಿಚ್ಚಿ ಅವಳ ತಕ್ಕಡಿಯ ಮೇಲಿಟ್ಟು, ರೈಲ್ವೆಯಲ್ಲಿ ಇಂಥ ಮೋಸಕ್ಕೆ ಏನು ಶಿಕ್ಷೆ ಇದೆ ಎಂಬಲ್ಲಿಂದ ಶುರುಮಾಡಿ ಬಾಯಿಗೆ ಬಂದಿದ್ದೆಲ್ಲ ಅಂದೆ. ಹತ್ತು ಜನ ಸೇರಿದರು. ಹಾಲಮ್ಮ ಆ ಗಡ್ಡೆಯನ್ನು ಎತ್ತಿ, ಮುರಿದು, ಮೂಸಿ ನೋಡಿದಳು.

"ಯಜಮಾನ್ರೇ, ಇದು ಗೆಣ್ಸಲ್ಲ ಕಣ್ರೀ. ಯಾವ್ದೋ ಹೂವಿನ ಗಡ್ಡೆ. ಡೇರೆ ಹೂವಿಂದು ಇದ್ದಂಗೈತೆ. ನಿಮ್ಮನೇಲಿ ಡೇರೆ ಹಾಕವ್ರಾ?"

ಸೇರಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಕೇಳಿಸಲಿಲ್ಲ. ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಅಡುಗೆಮನೆಯ ಕಿಟಕಿಯ ಮೊಳೆಗೆ ಒಂದು ಪ್ಲಾಸ್ಟಿಕ್ ಬುಟ್ಟಿ ನೇತಾಡುತ್ತಿತ್ತು. ಅದರಲ್ಲಿ ಅವರೆಕಾಯಿ, ಕಡ್ಲೆಕಾಯಿಯ ಜೊತೆ ಕೆಂಪಗಿನ, ದುಂಡಗಿನ, ಒಳ್ಳೆಯ ಗೆಣಸುಗಳಿದ್ದವು. ಒಂಬತ್ತರಲ್ಲಿ ಒಂದಾದರೂ ಉಳಿದಿದೆಯೇ ಎಂದು ಬಿದಿರು ಬುಟ್ಟಿಯನ್ನು ತಲೆಕೆಳಗು ಮಾಡಿ ಕುಟ್ಟಿದೆ. ಬೂದಿ ಬಿತ್ತು.

ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆ ಏನಿಲ್ಲ. ಮೂವತ್ತೊಂದು ವರ್ಷ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದನ್ನು, ಅವಳ ತಾಯಿಯ ಕೈಯಿಂದ ಬಂದಿದ್ದನ್ನು, ನಾನು ಉಪ್ಪು ಬೆಲ್ಲ ಹಾಕಿ ತಿಂದಿದ್ದೆ. ಅದೂ ಸಾಲದೆ ಸಪ್ಪೆ ಎಂದು ಬೈದಿದ್ದೆ. ಮಗಳ ಬಾಣಂತನದಲ್ಲಿ ಇರುವವಳಿಗೆ ಇದನ್ನು ಫೋನಿನಲ್ಲಿ ಹೇಗೆ ಹೇಳುವುದು? ಬಂದ ಮೇಲೆ ಹೇಳೋಣ ಎಂದರೆ ಯಾವ ಮುಖ ಇಟ್ಟುಕೊಂಡು ಹೇಳುವುದು? ರಾತ್ರಿ ಎಲ್ಲ ಯೋಚಿಸಿ ಒಂದು ದಾರಿ ಕಂಡುಕೊಂಡೆ. ಹೂವು ಎಲ್ಲಿಂದ ಬಂದಿತ್ತೋ ಅಲ್ಲಿಗೇ ಹೋಗಿ ಹುಡುಕುವುದು.

ಬೀರೂರಿನಲ್ಲಿ ರೈಲು ಹತ್ತಿ ತರೀಕೆರೆಯಲ್ಲಿ ಇಳಿದೆ. ಅಳಿಯನ ಮನೆ ಅಲ್ಲೇ ಇರುವುದರಿಂದ ಟವೆಲ್ಲನ್ನು ತಲೆಗೆ ಸುತ್ತಿ ಕಿವಿ ಮುಚ್ಚಿಕೊಂಡು, ಕಳ್ಳನ ಹಾಗೆ ಗೋಡೆ ಪಕ್ಕದಲ್ಲೇ ನಡೆದು ಬಸ್ ನಿಲ್ದಾಣ ಸೇರಿದೆ. ಲಕ್ಕವಳ್ಳಿಯಲ್ಲಿ ಹಳೆಯ ಕ್ವಾರ್ಟರ್ಸುಗಳು ಮುಕ್ಕಾಲು ಪಾಲು ಬೀಗ ಹಾಕಿದ್ದವು. ಒಂದು ಮನೆಯ ಮುಂದೆ ಹಳೇ ಬಕೆಟ್ಟುಗಳಲ್ಲಿ ಗಿಡಗಳಿದ್ದವು. ಬಾಗಿಲಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಕೂತಿದ್ದರು. ಹೆಸರು ಪಾಪಮ್ಮ. ಅವರ ಯಜಮಾನರೂ ಅಣೆಕಟ್ಟೆಯಲ್ಲೇ ಇದ್ದವರು. ನಮ್ಮತ್ತೆಯ ಹೆಸರು ಹೇಳಿದೊಡನೆ ಒಳಗೆ ಕರೆದು ಕೂರಿಸಿದರು.

"ಡೇರೆನಾ? ನಿಮ್ಮತ್ತೆ ಕೊಟ್ಟಿದ್ದೇ ಇರ್ಬೇಕು ಕಣಪ್ಪ. ಇಲ್ಲಾ ನಾನೇ ಅವಳಿಗೆ ಕೊಟ್ಟಿದ್ನೋ ಏನೋ. ಬಕೆಟ್ನಾಗೈತೆ, ಅಗ್ಕೋ."

"ಬಣ್ಣ ಯಾವ್ದಮ್ಮಾ? ಕೆನೆ ಬಣ್ಣ, ಕೆಂಪು ಅಂಚು?"

"ನಂಗೆ ಕಣ್ಣು ಮಂಜಾಗಿ ಆರು ವರ್ಷ ಆಯ್ತು. ಮೊಮ್ಮಕ್ಕಳು ಬಂದ್ರೆ ಚೆನ್ನಾಗೈತೆ ಅಜ್ಜಿ ಅಂತಾರೆ. ಅದೇ ಇರ್ತದೆ ತಗೋ."

ಏಳು ಗಡ್ಡೆ ಸಿಕ್ಕವು. ಪ್ರತಿಯೊಂದರ ಕತ್ತನ್ನೂ ಪಾಪಮ್ಮ ಹೆಬ್ಬೆರಳಿನಿಂದ ಸವರಿ ನೋಡಿ, ಕಣ್ಣು ಇದೆ ಎಂದು ಖಾತ್ರಿಪಡಿಸಿ ಕೊಟ್ಟರು. ಡೇರೆ ಗಡ್ಡೆಗೆ ಮೈಯಲ್ಲೆಲ್ಲೂ ಮೊಳಕೆ ಬರುವುದಿಲ್ಲ, ಕಾಂಡಕ್ಕೆ ಅಂಟಿಕೊಂಡ ಕತ್ತಿನಲ್ಲಿರುವ ಕಣ್ಣಿನಿಂದ ಮಾತ್ರ ಬರುತ್ತದೆ ಎಂದು ಅವತ್ತು ತಿಳಿಯಿತು. ನಾನು ಒಲೆಗೆ ಹಾಕಿದ ಒಣಕಲು ತುಂಡುಗಳಲ್ಲೇ ಎಲ್ಲ ಕಣ್ಣೂ ಇದ್ದವು.

ಇಷ್ಟಾದರೂ ಗಡ್ಡೆ ನೋಡಿ ಬಣ್ಣ ಹೇಳಲು ಯಾವ ಬ್ರಹ್ಮನಿಗೂ ಸಾಧ್ಯವಿಲ್ಲ. ಹೂ ಬಿಟ್ಟಾಗಲೇ ಗೊತ್ತಾಗುವುದು, ಅಂದರೆ ಶ್ರಾವಣದಲ್ಲಿ. ಅಲ್ಲಿಯವರೆಗೆ ಕಾಯಬೇಕು. ಮನೆಗೆ ಬಂದು ಏಳನ್ನೂ ಬೂದಿಯಲ್ಲಿ ಹೊರಳಿಸಿ, ಅದೇ ಬಿದಿರು ಬುಟ್ಟಿಗೆ ಮರಳು ಹಾಕಿ ಜೋಡಿಸಿದೆ. ದಿನಕ್ಕೆರಡು ಸಲ ಮುಟ್ಟಿ ನೋಡುತ್ತಿದ್ದೆ. ಕೊಳೆತರೆ ಅಲ್ಲಿಗೆ ಮುಗಿಯಿತು.

ಸುಲೋಚನಮ್ಮ ಫೆಬ್ರವರಿ ಕೊನೆಗೆ ಬಂದಳು. ಬಂದ ದಿನ ನಾನು ಅಡುಗೆಮನೆಯಲ್ಲಿ ನೆಲಕ್ಕೆ ಕೂತು, ಕನ್ನಡಕ ಹಾಕಿಕೊಂಡು ಗಡ್ಡೆಗಳಿಗೆ ಹೊಸ ಬೂದಿ ಸವರುತ್ತಿದ್ದೆ. ಅವಳು ಬರುವುದು ನಾಳೆ ಎಂದುಕೊಂಡಿದ್ದೆ. ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದಾಳೆ.

"ಏನ್ರೀ ಮಾಡ್ತಿದೀರಾ?"

"ಬೂದಿ ಹೋಗಿತ್ತು. ಹಾಕ್ತಿದ್ದೆ."

ಅವಳು ಬುಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. ಒಂಬತ್ತಿದ್ದವು, ಏಳಾಗಿವೆ, ಈಗ ಕೇಳುತ್ತಾಳೆ ಎಂದುಕೊಂಡೆ. ಎರಡು ಕೊಳೆತವು ಎಂಬ ಸುಳ್ಳನ್ನು ಒಂದು ತಿಂಗಳಿಂದ ಬಾಯಿಪಾಠ ಮಾಡಿದ್ದೆ. ಅವಳು ಕೇಳಲೇ ಇಲ್ಲ. ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು.

ಮೇ ತಿಂಗಳ ಕೊನೆಯಲ್ಲಿ ಎರಡು ಹದ ಮಳೆಯಾಯಿತು. ಆ ಏಳನ್ನು ನಾನೇ ನೆಡುತ್ತೇನೆ ಎಂದೆ. ಅವಳು ನೆಟ್ಟು ಮೊಳೆಯದಿದ್ದರೆ ಗಡ್ಡೆ ಬದಲಾಗಿದೆಯೇ ಎಂಬ ಅನುಮಾನ ಬರುತ್ತದೆ ಎಂಬ ಲೆಕ್ಕ. ಅವಳು ಹುಬ್ಬೇರಿಸಿದಳು, ಬೇಡ ಎನ್ನಲಿಲ್ಲ. ನಾನು ಗುಂಡಿ ತೋಡಿ ಗಡ್ಡೆ ಇಟ್ಟು, ಮಣ್ಣು ಮುಚ್ಚಿ, ಆಸರೆಗೆ ಕೋಲು ಚುಚ್ಚಲು ಹೋದೆ.

"ಅಯ್ಯೋ, ಗಡ್ಡೆ ಎದೆಗೇ ಚುಚ್ತೀರಲ್ಲ! ಮೊದ್ಲು ಕೋಲು ನೆಡ್ಬೇಕು, ಆಮೇಲೆ ಗಡ್ಡೆ ಇಡ್ಬೇಕು."

"ಮೊದ್ಲೇ ಹೇಳ್ಬಾರ್ದಾ?"

"ನಿಮಗೆ ಎಲ್ಲಾ ಗೊತ್ತು ಅನ್ಕೊಂಡಿದ್ದೆ."

ಎಲ್ಲವನ್ನೂ ಕಿತ್ತು ಮತ್ತೆ ನೆಟ್ಟೆ. ಮೊಳಕೆ ಕಾಣುವವರೆಗೆ ನೀರು ಹಾಕಬಾರದು ಎಂದಳು. ಹದಿನೆಂಟು ದಿನ ಬರೀ ಮಣ್ಣನ್ನು ನೋಡುತ್ತ ಕೂರುವುದು ಎಷ್ಟು ಕಷ್ಟ ಎಂದು ನೆಟ್ಟವರಿಗೇ ಗೊತ್ತು. ಹತ್ತೊಂಬತ್ತನೆಯ ದಿನ ಒಂದು ಮೂಲೆಯಲ್ಲಿ ಮಣ್ಣು ಬಿರಿದು ಕಂದು ಹಸಿರಿನ ಮೂತಿ ಹೊರಬಂತು. ನಾನು ಕೂಗಿದ ರಭಸಕ್ಕೆ ಕೆಂಚಮ್ಮ ಗೋಡೆಯ ಆಚೆಯಿಂದ ಹಾವು ಬಂತಾ ಎಂದು ಕೇಳಿದಳು.

ಆಮೇಲೆ ನನಗೆ ಜಗುಲಿ ಮರೆತೇಹೋಯಿತು. ಬೆಳಿಗ್ಗೆ ಪೇಪರು ಬಂದು ಬಿದ್ದಲ್ಲೇ ಬಿದ್ದಿರುತ್ತಿತ್ತು. ನಾಲ್ಕು ಜೊತೆ ಎಲೆ ಬಂದ ಮೇಲೆ ನಡುಚಿಗುರನ್ನು ಚಿವುಟಬೇಕು ಎಂದು ಸುಲೋಚನಮ್ಮ ಹೇಳಿಕೊಟ್ಟಳು. ಚೆನ್ನಾಗಿ ಬೆಳೆಯುತ್ತಿರುವುದರ ತಲೆ ಚಿವುಟುವುದು ಯಾವ ನ್ಯಾಯ ಎಂದು ಅರ್ಧ ದಿನ ಜಗಳವಾಡಿದೆ. ಕೊನೆಗೆ ಕಣ್ಣು ಮುಚ್ಚಿಕೊಂಡು ಚಿವುಟಿದೆ. ಹದಿನೈದು ದಿನಕ್ಕೆ ಒಂದಿದ್ದದ್ದು ನಾಲ್ಕು ಕವಲಾಯಿತು. ಮೊಗ್ಗು ಬರುವಾಗ ಮೂರು ಮೂರು ಒಟ್ಟಿಗೆ ಬರುತ್ತವೆ. ನಡುವಿನದನ್ನು ಉಳಿಸಿ ಪಕ್ಕದ ಎರಡನ್ನು ತೆಗೆದರೆ ಹೂ ದೊಡ್ಡದಾಗುತ್ತದೆ, ಕಾಂಡ ಉದ್ದವಾಗುತ್ತದೆ, ಮಂಟಪಕ್ಕೆ ಆಗುವುದು ಅಂಥದ್ದೇ. ಸಾಯಂಕಾಲ ಗೊಬ್ಬರದ ಹುಳು ಹುಡುಕುತ್ತ, ಕೋಲಿಗೆ ಬಾಳೆನಾರಿನಿಂದ ಗಿಡ ಕಟ್ಟುತ್ತ, ನಾವಿಬ್ಬರೂ ಒಂದೊಂದು ಸಾಲಿನಲ್ಲಿ ಕೂತು ಮಾತಾಡುತ್ತಿದ್ದೆವು. ಅವಳು ಲಕ್ಕವಳ್ಳಿಯ ಕತೆ ಹೇಳುತ್ತಿದ್ದಳು. ಅಣೆಕಟ್ಟೆಯ ಗೇಟು ತೆರೆದ ದಿನ ಇಡೀ ಕ್ವಾರ್ಟರ್ಸಿನ ಪಾತ್ರೆಗಳು ನಡುಗುತ್ತಿದ್ದುದು, ಅವಳ ಅಮ್ಮ ಡೇರೆ ಗಿಡದ ಹತ್ತಿರ ಬರುವ ಹಸುಗಳಿಗೆ ಹೆಸರಿಟ್ಟು ಬೈಯುತ್ತಿದ್ದುದು, ಇವನ್ನೆಲ್ಲ ಮೂವತ್ತೊಂದು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ. ಅಂಥ ಸುಖದ ಮಳೆಗಾಲ ನನಗೆ ಇನ್ನೊಂದು ನೆನಪಿಲ್ಲ. ಒಳಗೆ ಮಾತ್ರ ಅಳುಕು ಕೊರೆಯುತ್ತಲೇ ಇತ್ತು. ಅವಳು ಅಮ್ಮನ ಹೆಸರು ಎತ್ತಿದಾಗಲೆಲ್ಲ ನಾನು ಗಿಡದ ಮರೆಗೆ ಬಗ್ಗುತ್ತಿದ್ದೆ.

ಬೇರೆ ಬಣ್ಣಗಳು ಮೊದಲು ಅರಳಿದವು. ಡೇರೆಯನ್ನು ಮೊಗ್ಗಿನಲ್ಲಿ ಕೊಯ್ದರೆ ನೀರಿನಲ್ಲಿ ಅರಳುವುದಿಲ್ಲ, ಗಿಡದಲ್ಲೇ ಮುಕ್ಕಾಲು ಅರಳಬೇಕು. ಬಿಸಿಲು ಬೀಳುವುದಕ್ಕೆ ಮೊದಲು ಕೊಯ್ದು, ಕಾಂಡದ ತುದಿಯನ್ನು ಮೊದಲು ಬಿಸಿನೀರಿನ ಬಕೆಟ್ಟಿಗೆ ಇಳಿಸಿ, ಆ ನೀರು ಆರುವವರೆಗೆ ಬಿಟ್ಟು, ಆಮೇಲೆ ತಣ್ಣೀರಿಗೆ ಹಾಕಬೇಕು. ಹಾಗೆ ಮಾಡಿದರೆ ಐದು ದಿನ ತಲೆ ಬಾಗುವುದಿಲ್ಲ. ಬಿಸಿನೀರು ತರುವ ಕೆಲಸ ನನ್ನದಾಯಿತು. ತೀರ್ಥೇಶ ಆಟೋದಿಂದ ಇಳಿದು, ನನ್ನ ಕೈಯಲ್ಲಿ ಬಕೆಟ್ ನೋಡಿ, "ಏನಪ್ಪಾ, ಗೇಟು ಮುಚ್ಚಿ ಇಲ್ಲಿಗೆ ಬಂದ್ರಾ?" ಎಂದು ನಕ್ಕ. ಹಾಗೇ ಸುಲೋಚನಮ್ಮನ ಕಡೆ ತಿರುಗಿದ.

"ಅಕ್ಕಾ, ಅಜ್ಜಂಪುರದಲ್ಲಿ ಭವ್ಯ ಅಂತ ಒಂದು ಹುಡುಗಿ ಮದ್ವೆ ಐತೆ, ಮುಂದಿನ ವಾರ. ಕ್ವಾರ್ಟರ್ಸ್ ಡೇರೆನೇ ಬೇಕು ಅಂತಾವ್ರೆ. ನಲವತ್ತು ಕಡ್ಡಿ ಆಯ್ತದಾ?"

ನನ್ನ ಬಕೆಟ್ ಕೈಯಿಂದ ಜಾರಿ ಕಾಲಿನ ಮೇಲೆ ಬಿಸಿನೀರು ಚೆಲ್ಲಿತು.

"ನೋಡಾನ ತಡಿ. ಹೂ ಬಿಟ್ಮೇಲೆ ಹೇಳ್ತೀನಿ. ಅಲ್ಲೀವರೆಗೂ ಮಾತು ಕೊಡ್ಬೇಡ" ಎಂದಳು ಸುಲೋಚನಮ್ಮ.

ನುರಿತವರು ಮುಂಚೆ ಮಾತು ಕೊಡುವುದಿಲ್ಲ ಎಂದುಕೊಂಡೆ. ಅವತ್ತಿನಿಂದ ನಾನು ದಿನಾ ಅವಳಿಗಿಂತ ಮೊದಲೇ ಎದ್ದು, ಬೆಳಕು ಹರಿಯುವಾಗಲೇ ಆ ಏಳು ಗಿಡಗಳ ಮುಂದೆ ನಿಲ್ಲತೊಡಗಿದೆ. ಮೊಗ್ಗುಗಳು ಗೋಲಿಯಷ್ಟಾದವು, ನಿಂಬೆಕಾಯಷ್ಟಾದವು. ಹಸಿರು ಹೊದಿಕೆ ಬಿಗಿಯಾಗಿ ಮುಚ್ಚಿಕೊಂಡೇ ಇತ್ತು. ಕೆನೆ ಬಣ್ಣವಾಗಲಿ ಎಂದು ಮನೆದೇವರಿಗೆ ಹರಕೆ ಹೊತ್ತೆ. ಪಾಪಮ್ಮನ ಮೊಮ್ಮಕ್ಕಳು ನಿಜ ಹೇಳಿರಲಿ ಎಂದು ಬೇಡಿಕೊಂಡೆ. ಅವರು ಬಣ್ಣವನ್ನೇ ಹೇಳಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಶ್ರಾವಣದ ಎರಡನೇ ಸೋಮವಾರ. ರಾತ್ರಿ ಜಿಟಿಜಿಟಿ ಮಳೆಯಾಗಿ ಬೆಳಿಗ್ಗೆ ಬಿಟ್ಟಿತ್ತು. ಮೊದಲ ಗಿಡದ ನಡುಮೊಗ್ಗು ಬಿರಿದಿತ್ತು. ಹತ್ತಿರ ಹೋದೆ. ಹಳದಿ. ಅಂಚಿಲ್ಲ, ಗೆರೆಯಿಲ್ಲ, ತುದಿಯಿಂದ ಬುಡದವರೆಗೆ ಅಪ್ಪಟ ಅರಿಶಿನದ ಹಳದಿ. ಎರಡನೇ ಗಿಡದ ಮೊಗ್ಗನ್ನು ಬೆರಳಿನಿಂದ ಸ್ವಲ್ಪ ಬಿಡಿಸಿ ನೋಡಿದೆ. ಅದೂ ಹಳದಿ.

ಸೊಂಟದಲ್ಲಿ ಕತ್ತರಿ ಇತ್ತು. ಬಿಟ್ಟದ್ದನ್ನೆಲ್ಲ ಕತ್ತರಿಸಿ ತಿಪ್ಪೆಗೆ ಹಾಕಿ, ಹುಳ ತಿಂದವು ಎಂದರೆ ಇನ್ನೊಂದು ವಾರ ತಳ್ಳಬಹುದು ಎಂದು ಕತ್ತರಿ ತೆಗೆದೆ. ಆಮೇಲೆ ಆ ಗಿಡವನ್ನು ನೋಡಿದೆ. ಕವಲು ಕವಲಿಗೂ ನಾನೇ ಕಟ್ಟಿದ ಬಾಳೆನಾರು ಇತ್ತು. ನನ್ನಿಂದ ಆಗಲಿಲ್ಲ. ಹಿಂದೆ ಬಳೆ ಸದ್ದಾಯಿತು. ಸುಲೋಚನಮ್ಮ ಎರಡು ಲೋಟ ಕಾಫಿ ಹಿಡಿದು ನಿಂತಿದ್ದಳು. ಅವಳ ಕಣ್ಣು ಹೂವಿನ ಮೇಲಿತ್ತು.

"ಲೇ, ನಾನೊಂದು ಹೇಳ್ಬೇಕು ಕಣೇ" ಎಂದೆ. "ನಿಮ್ಮಮ್ಮನ ಗಡ್ಡೇನ ನಾನು ಬೇಯ್ಸಿ ತಿಂದ್ಬಿಟ್ಟೆ. ಸಂಕ್ರಾಂತೀಲಿ. ಗೆಣ್ಸು ಅನ್ಕೊಂಡು."

"ಗೊತ್ತು" ಎಂದಳು.

"ಏನ್ ಗೊತ್ತು?"

"ಅವತ್ತೇ ಗೊತ್ತು. ಮಧ್ಯಾಹ್ನವೇ ಕೆಂಚಿ ಫೋನ್ ಮಾಡಿದ್ಲು. ‘ಅಕ್ಕಾ, ಇಪ್ಪತ್ತು ವರ್ಷ ಕೇಳಿದ್ರೂ ಒಂದು ಕೊಡ್ಲಿಲ್ಲ ನೀನು, ನಿಮ್ಮೋರು ನಾಲ್ಕು ಬೇಯ್ಸಿ ತಂದುಕೊಟ್ಟವ್ರೆ’ ಅಂದ್ಲು. ಸಾಯಂಕಾಲ ನೀವೇ ಸಪ್ಪೆ ಅಂದ್ರಿ. ನೀವು ಟವೆಲ್ ಸುತ್ಕೊಂಡು ತರೀಕೆರೆ ಬಸ್‌ಸ್ಟ್ಯಾಂಡಲ್ಲಿ ಲಕ್ಕವಳ್ಳಿ ಬಸ್ ಹತ್ತಿದ್ನ ಅಳಿಯನೂ ನೋಡಿದ್ರು."

ನನಗೆ ಮೈಯೆಲ್ಲ ಉರಿಯಿತು. ತಪ್ಪು ನನ್ನದೇ, ಆದರೂ ಉರಿಯಿತು. "ಏಳು ತಿಂಗಳು! ಏಳು ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಗೊತ್ತಿದ್ದೂ ನೋಡ್ತಾ ಕೂತಿದ್ಯಲ್ಲೇ! ನಾನೇನು ನಿಂಗೆ ಕುಣಿಯೋ ಕೋತಿನಾ?" ಎಂದು ಕೂಗಿದೆ. ತೆಂಗಿನ ಮರದ ಕಾಗೆ ಹಾರಿಹೋಯಿತು.

ಅವಳು ಲೋಟಗಳನ್ನು ಬಚ್ಚಲ ಕಟ್ಟೆಯ ಮೇಲಿಟ್ಟಳು.

"ಅವತ್ತು ಮಗೂನ ತೊಡೆ ಮೇಲೆ ಹಾಕ್ಕೊಂಡು ಅತ್ತೆ. ಎಲ್ರೂ ಖುಷಿಗೆ ಅಳ್ತಾವ್ಳೆ ಅಂದ್ರು. ಯಾರಿಗಾದ್ರೂ ಒಂದು ಗಡ್ಡೆ ಕೊಟ್ಟಿದ್ರೆ ಈಸ್ಕೋಬೋದಿತ್ತು. ಜಿಪುಣತನ ಮಾಡ್ದೆ. ಆ ತಪ್ಪು ನಂದೇ. ನಿಮ್ಮನ್ನ ಬಿಡಬಾರ್ದು, ಬೈದು ನೀರಿಳಿಸ್ಬೇಕು ಅಂತಾನೇ ಒಂದು ದಿನ ಮೊದ್ಲೇ ಹೊರಟು ಬಂದೆ. ಬಂದು ನೋಡಿದ್ರೆ ನೀವು ನೆಲಕ್ಕೆ ಕೂತ್ಕೊಂಡು ಬೂದಿ ಸವರ್ತಿದ್ರಿ. ಮಗೀಗೆ ಎಣ್ಣೆ ಹಚ್ಚೋರ ಥರ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೂವತ್ತೊಂದು ವರ್ಷ ಈ ಹಿತ್ಲಲ್ಲಿ ನಾನೊಬ್ಳೇ ಕಣ್ರೀ. ಒಂದು ಹೂ ಅರಳಿದ್ರೆ ನೋಡಿ ಅನ್ನೋಕೆ ಯಾರೂ ಇರ್ಲಿಲ್ಲ. ಗೊತ್ತು ಅಂದುಬಿಟ್ರೆ ನೀವು ಎದ್ದು ಜಗುಲಿಗೆ ಹೋಗ್ತೀರ ಅಂತ ಸುಮ್ನಿದ್ದೆ. ಹೂ ಬಿಡೋವರ್ಗಾದ್ರೂ ಇರ್ತೀರಲ್ಲ ಅಂತ."

ನನ್ನ ಕೋಪ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಜಗುಲಿಯಲ್ಲಿ ಪೇಪರು ಹಿಡಿದು ಕೂತಿದ್ದ ಅಷ್ಟು ಬೆಳಗುಗಳೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವಳು ಎಷ್ಟೋ ಸಲ ಹಿತ್ತಿಲಿನಿಂದ ಕರೆದಿದ್ದಳು, ನಾನು ಹೂಂ ಎಂದು ಪುಟ ತಿರುಗಿಸಿದ್ದೆ. ಗಡ್ಡೆ ತಿಂದದ್ದಕ್ಕಿಂತ ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಗೋಡೆಯ ಮೇಲೆ ಕೆಂಚಮ್ಮನ ತಲೆ ಕಾಣಿಸಿತು. ನನ್ನ ಕೂಗಾಟಕ್ಕೇ ಬಂದಿರಬೇಕು. "ಅಕ್ಕಾ, ಹಳ್ದಿ ಬಿಟ್ಟೈತಲ್ಲ!"

"ಹೂಂ ಕಣೇ. ಗಡ್ಡೆ ಕೀಳೋ ಹೊತ್ಗೆ ಬಾ, ಎರಡು ಕೊಡ್ತೀನಿ. ತೀರ್ಥೇಶನ ಹೆಂಡ್ತೀಗೂ ಕೊಡ್ಬೇಕು, ಪ್ರತಿಮಾಗೂ ಕೊಡ್ಬೇಕು. ಇನ್ಮೇಲೆ ಯಾವ್ದನ್ನೂ ಒಂದೇ ಬುಟ್ಟೀಲಿ ಇಡಾಕಿಲ್ಲ" ಎಂದು ಸುಲೋಚನಮ್ಮ ಅಲ್ಲಿಂದಲೇ ಕೂಗಿದಳು. ಕೆಂಚಮ್ಮ ನನ್ನ ಮುಖ ನೋಡಿ ನಗು ತಡೆಯಲಾಗದೆ ತಲೆ ಇಳಿಸಿದಳು.

ಹೆಂಡತಿ ನನ್ನ ಕಡೆ ತಿರುಗಿದಳು. ಕಾಫಿ ಆರಿ ಕೆನೆಗಟ್ಟಿತ್ತು.

"ಹೂ ಬಿಟ್ಟಾಯ್ತು, ಎಲ್ಲಾ ಗೊತ್ತೂ ಆಯ್ತು. ಇನ್ನು ನೀವು ಬರಲ್ಲ, ಅಲ್ವಾ?"

ಅದು ಕೀಟಲೆಯ ದನಿಯಾಗಿರಲಿಲ್ಲ. ಅಷ್ಟು ವರ್ಷದಲ್ಲಿ ಅವಳು ನನ್ನ ಹತ್ತಿರ ಸೀರೆ ಕೇಳಿದ್ದಳು, ಒಡವೆ ಕೇಳಿದ್ದಳು, ಬೋರ್‌ವೆಲ್ಲಿಗೆ ಮೋಟಾರು ಕೇಳಿದ್ದಳು. ಇಷ್ಟು ಮೆಲ್ಲಗೆ ಯಾವುದನ್ನೂ ಕೇಳಿರಲಿಲ್ಲ.

"ಮೂರನೇ ಸಾಲಲ್ಲಿ ಪಕ್ಕದ ಮೊಗ್ಗು ತೆಗ್ದೇ ಇಲ್ಲ. ಯಾರು ನಿಮ್ಮಪ್ಪ ಬಂದು ತೆಗೀತಾನಾ?" ಎಂದೆ. "ಹೋಗು, ಕಾಫಿ ಬಿಸಿ ಮಾಡ್ಕೊಂಡು ಬಾ. ತೀರ್ಥೇಶ ಬರೋ ಹೊತ್ತಾಯ್ತು."

ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು. ನಾನು ಪಂಚೆ ಎತ್ತಿ ಕಟ್ಟಿ, ಮೂರ‍ನೇ ಸಾಲಿನ ಒದ್ದೆ ಮಣ್ಣಿನಲ್ಲಿ ಕೂತೆ.